ಎಮಿಲಿ ಡಿಕರ್ಸನ್ ಅವರ ಒಂದೇ ಭಾಷೆ

2013ರ ಡಿಸೆಂಬರ್ 30ರಂದು ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ ಎಮಿಲಿ ಜಾನ್ಸನ್ ಡಿಕರ್ಸನ್ ಎಂಬ 93 ವರ್ಷದ ವೃದ್ಧೆ ತೀರಿಕೊಂಡರು. ಚಿಕಸಾ ಭಾಷೆಯೊಂದನ್ನೇ ಬಲ್ಲವರಲ್ಲಿ ಅವರೇ ಕೊನೆಯವರು. ಅದನ್ನು ಆಡಬಲ್ಲ ಹಿರಿಯರು ಆಮೇಲೂ ಕೆಲವರಿದ್ದರು. ಆದರೆ ಅವರಿಗೆಲ್ಲ ಇಂಗ್ಲಿಷೂ ಬರುತ್ತಿತ್ತು. ಯಾರೊಡನೆಯಾದರೂ ಚಿಕಸಾದಲ್ಲೇ ಮಾತನಾಡಬೇಕಾದ ಅನಿವಾರ್ಯ ಅಂದಿಗೆ ಮುಗಿಯಿತು.

ಓಕ್ಲಹೋಮಾ ಈ ಜನರ ಮೂಲನೆಲೆಯಲ್ಲ. ಇಂದಿನ ಮಿಸಿಸಿಪ್ಪಿ ರಾಜ್ಯದ ಉತ್ತರಭಾಗ ಮತ್ತು ಅದರ ಆಸುಪಾಸಿನ ಸೀಮೆ ಅವರದಾಗಿತ್ತು. 1541ರಲ್ಲಿ ಸ್ಪೇನಿನ ಡಿ ಸೋಟೋನ ದಂಡು ಅಲ್ಲಿ ಬೀಡುಬಿಟ್ಟಿದ್ದಾಗ ಅದರ ಮೇಲೆರಗಿ ಬಿಡಾರಕ್ಕೆ ಬೆಂಕಿಯಿಟ್ಟ ಶೂರರು ಇವರು. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳುಹಿಸುವ ಕಾಯಿದೆ ಬಂದಿತು. 1837ರಿಂದ ಚಿಕಸಾಗಳ ವಲಸೆ ಮೊದಲಾಯಿತು.

ನೆಲದೊಡನೆ ನುಡಿಯೂ ಹೋಯಿತೆಂದು ಯಾರಾದರೂ ಊಹಿಸಿಯಾರು. ಹಾಗಾಗಲಿಲ್ಲ. ಹೊಸ ನಾಡಿನಲ್ಲಿ ಅವರು 1856ರಲ್ಲಿ ತಮ್ಮದೇ ಸಂವಿಧಾನ ರಚಿಸಿಕೊಂಡರು. ಮನೆಮಾತು ಮನೆಮಾತಾಗಿಯೇ ಉಳಿಯಿತು. ಪೆಟ್ಟು ಬಿದ್ದದ್ದು ಆಮೇಲೆ. ಸಾಮುದಾಯಿಕ ಭೂಮಿಯನ್ನು ತುಂಡುಮಾಡಿ ಹಂಚಲಾಯಿತು, 1907ರಲ್ಲಿ ಓಕ್ಲಹೋಮಾ ರಾಜ್ಯ ಹುಟ್ಟಿತು, ಸುತ್ತಲೂ ಬಿಳಿಯರು ತುಂಬಿದರು. ವಸತಿಶಾಲೆಗಳಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಆ ಮಕ್ಕಳು ಬೆಳೆದು ತಂದೆತಾಯಿಯರಾದಾಗ, ತಮ್ಮ ಮಕ್ಕಳಿಗೆ ಆ ಪಾಡು ಬೇಡವೆಂದು ಇಂಗ್ಲಿಷನ್ನೇ ಕಲಿಸಿದರು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ದುಃಖದ ಘಟ್ಟ ಇದೇ. ಇದಕ್ಕೆ ದಿನಾಂಕವಿಲ್ಲ, ಒಪ್ಪಂದಪತ್ರವೂ ಇಲ್ಲ.

1973ರಲ್ಲಿ ಜೆಸ್ಸಿ ಮತ್ತು ವಿನ್ನೀ ಮೇ ಹ್ಯೂಮ್ಸ್ ದಂಪತಿಯ ನಿಘಂಟು ಪ್ರಕಟವಾಯಿತು. 1994ರ ದೊಡ್ಡ ನಿಘಂಟಿನ ಕಥೆ ಹೊರನಾಡಿನ ನಮಗೆ ಆಪ್ತವೆನಿಸೀತು. ಅದನ್ನು ರಚಿಸಿದವರು ಭಾಷಾವಿಜ್ಞಾನಿ ಪಮೇಲಾ ಮನ್ರೋ ಮತ್ತು ಓಕ್ಲಹೋಮಾ ಬಿಟ್ಟು ದೂರದ ಲಾಸ್ ಏಂಜಲೀಸಿನಲ್ಲಿ ನೆಲೆಸಿದ್ದ ಚಿಕಸಾ ಮಹಿಳೆ ಕ್ಯಾಥರೀನ್ ವಿಲ್ಮಂಡ್.

ಇಂಥ ಕೆಲಸದಿಂದ ತಿಳಿದುಬಂದ ಸೂಕ್ಷ್ಮಗಳಲ್ಲಿ ಒಂದನ್ನು ಹೇಳಬೇಕು. 'ಚೋಕ್ಮ' ಎಂದರೆ ಒಳ್ಳೆಯದು. 'ಚೋಕ್ಮಲಿ' ಎಂದರೆ ನಾನು ಬೇಕೆಂದೇ ಒಳ್ಳೆಯವನಂತೆ ನಡೆದುಕೊಳ್ಳುತ್ತೇನೆ. 'ಸಚೋಕ್ಮ' ಎಂದರೆ ನಾನು ಒಳ್ಳೆಯವನು. 'ಅಂಚೋಕ್ಮ' ಎಂದರೆ ನನಗೆ ಹಿತವೆನಿಸುತ್ತಿದೆ. ನಾನು ಓಡಿದೆ, ನನಗೆ ಹಸಿವಾಯಿತು ಎಂದು ಬೇರೆಬೇರೆಯಾಗಿ ಹೇಳುವ ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ಅಲ್ಲಿಯೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತದೆ.

2007ರಲ್ಲಿ ಚಿಕಸಾ ರಾಷ್ಟ್ರದ ಆಡಳಿತ ಭಾಷಾ ಪುನರುಜ್ಜೀವನಕ್ಕೆಂದೇ ಒಂದು ವಿಭಾಗ ತೆರೆಯಿತು. ಮಕ್ಕಳ ತರಗತಿಗಳು, ಮೊಬೈಲ್ ಆ್ಯಪ್, ಗಣಕಪಾಠಗಳು ಬಂದವು. ಇವುಗಳಿಗಿಂತ ಕಷ್ಟದ್ದು ಗುರು-ಶಿಷ್ಯ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ರೂಪುಗೊಂಡ ಈ ಕ್ರಮದಲ್ಲಿ ಒಬ್ಬ ಹಿರಿಯರೊಡನೆ ಒಬ್ಬ ಕಲಿಯುವವರು ಗಂಟೆಗಟ್ಟಲೆ ಕಳೆಯುತ್ತಾರೆ: ಅಡಿಗೆ, ತಿರುಗಾಟ, ಹರಟೆ ಎಲ್ಲವೂ ಆ ಭಾಷೆಯಲ್ಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಹಿರಿಯರು ಅಷ್ಟು ಹೊತ್ತು ಅದು ಬಾರದವರಂತೆ ಇರಬೇಕಾಗುತ್ತದೆ.