600 ಡಾಲರಿನ ಕನಸು

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಸೋಲೆಡಾಡ್ ಅಂತ ಒಂದು ಊರಿದೆ. 1791ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಮಿಷನ್‌ನಿಂದ ಬಂದ ಹೆಸರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಒಂಟಿತನ ಅಂತ ಅರ್ಥ. ಜಾನ್ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' (1937) ಕತೆ ನಡೆಯೋದು ಈ ಊರಿನ ಆಸುಪಾಸಿನಲ್ಲೇ.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಕೆಲಸವಿರಲಿಲ್ಲ. ಇದು ನಮಗೆಲ್ಲ ಗೊತ್ತಿರೋ ಇತಿಹಾಸ. ಆದರೆ ಕೊಯ್ಲಿನ ಬೆನ್ನು ಹತ್ತಿ ಊರೂರು ಅಲೆಯುವ ಕೂಲಿಗಳು ಅದಕ್ಕೂ ಮುಂಚೆಯೇ ಇದ್ದರು. ಸ್ಟ್ಯಾನ್‌ಫರ್ಡ್ ಬಿಟ್ಟು ಡಿಗ್ರಿ ಇಲ್ಲದೆ ಹೊರಬಿದ್ದ ಸ್ಟೈನ್‌ಬೆಕ್ 1920ರ ದಶಕದಲ್ಲಿ ಇಂಥವರ ಜೊತೆ ದುಡಿದಿದ್ದ. 1939ರ 'ದಿ ಗ್ರೇಪ್ಸ್ ಆಫ್ ರಾತ್'ನಲ್ಲಿ ಇಡೀ ಸಂಸಾರ ಗುಳೆ ಹೊರಡುತ್ತೆ. ಇಲ್ಲಿರೋರು ಒಂಟಿ ಗಂಡಸರು.

ಅವರು ಮಲಗೋ ಉದ್ದನೆಯ ಕೋಣೆಯನ್ನ ನೋಡಿ. ತಲೆಗೊಂದು ಮಂಚ, ಅದರ ಮೇಲೆ ಗೋಡೆಗೆ ಮೊಳೆ ಹೊಡೆದ ಒಂದು ಸೇಬಿನ ಪೆಟ್ಟಿಗೆ. ಆಸ್ತಿಯೆಲ್ಲ ಅದರಲ್ಲೇ ಹಿಡಿಸಬೇಕು. ಇಂಥಲ್ಲಿಗೆ ಜಾರ್ಜ್ ಮತ್ತು ಲೆನ್ನಿ ಜೋಡಿಯಾಗಿ ಬರ್ತಾರೆ. ಲೆನ್ನಿ ಆನೆಯಂಥ ಆಳು, ಬುದ್ಧಿ ಮಾತ್ರ ಮಗುವಿನದು. ಮಾಲೀಕನಿಗೆ ತಕ್ಷಣ ಅನುಮಾನ: ಇವನ ಸಂಬಳ ನೀನು ಹೊಡೀತಿಲ್ಲ ತಾನೇ? ಒಬ್ಬ ಇನ್ನೊಬ್ಬನಿಗಾಗಿ ಇಷ್ಟು ತಲೆಕೆಡಿಸಿಕೊಳ್ಳೋದನ್ನ ಆತ ಕಂಡೇ ಇಲ್ಲ. ಜಾರ್ಜ್ 'ನಮ್ಮ ಸಂಬಂಧಿಕ' ಅಂತ ಸುಳ್ಳು ಹೇಳಿ ಪಾರಾಗ್ತಾನೆ. ಗೆಳೆಯ ಅನ್ನೋದು ಅಲ್ಲಿ ನಡೆಯೋ ಉತ್ತರವೇ ಅಲ್ಲ. ಕಪ್ಪು ಜನಾಂಗದ ಕ್ರುಕ್ಸ್‌ಗಂತೂ ಆ ಕೋಣೆಗೂ ಪ್ರವೇಶವಿಲ್ಲ. ಕೊಟ್ಟಿಗೆ ಪಕ್ಕ ಅವನೊಬ್ಬನ ವಾಸ, ಜೊತೆಗೆ ಒಂದಿಷ್ಟು ಪುಸ್ತಕ.

ಜಾರ್ಜ್, ಲೆನ್ನಿಗೆ ಒಂದು ಕನಸಿದೆ. ಹತ್ತು ಎಕರೆ, ಒಂದು ಪುಟ್ಟ ಮನೆ, ಲೆನ್ನಿಗೆ ಮೊಲಗಳು. ಮೊಲಕ್ಕೆ ಹಾಕೋದು ಕುದುರೆ ಮೆಂತೆ. (ದನಕ್ಕೆ ಮೇವು ಕೊಯ್ದು ಬೆಳೆದ ನನಗೆ ಆ ಮೇವಿನ ಹೆಸರು ಬಂದಾಗ ಜಮೀನು ಕಣ್ಣೆದುರೇ ಬಂತು.) ಮೊದಮೊದಲು ಅದು ರಾತ್ರಿ ಮಗುವಿಗೆ ಹೇಳೋ ಕತೆಯಷ್ಟೇ. ಲೆಕ್ಕ ಶುರುವಾಗೋದು ಮುದುಕ ಕ್ಯಾಂಡಿ ಬಾಯಿ ಹಾಕಿದಾಗ. ಜಮೀನಿನ ಬೆಲೆ 600 ಡಾಲರ್. ಕ್ಯಾಂಡಿ ಹತ್ರ 300 ಇದೆ, ತಿಂಗಳ ಕೊನೆಗೆ ಇನ್ನೂ 50. ಜಾರ್ಜ್, ಲೆನ್ನಿ ಸೇರಿ 100. ಒಟ್ಟು 450! ಕ್ಯಾಂಡಿಯ 300ರಲ್ಲಿ 250 ಬಂದಿದ್ದು ಇದೇ ಕೆಲಸದಲ್ಲಿ ಅವನ ಕೈ ತುಂಡಾಗಿದ್ದಕ್ಕೆ ಕೊಟ್ಟ ಪರಿಹಾರ. ಅಂದ್ರೆ ಆ ಕನಸಿನ ಮುಕ್ಕಾಲು ಬಂಡವಾಳ ಒಬ್ಬ ಮುದುಕನದು, ಅದರಲ್ಲೂ ಹೆಚ್ಚಿನ ಪಾಲು ಕಳಕೊಂಡ ಕೈಯದು. ಸುದ್ದಿ ಕೇಳಿ ಮೊದಲು ನಕ್ಕ ಕ್ರುಕ್ಸ್ ಕೂಡ, ಬರೀ ಊಟ ಹಾಕಿದ್ರೆ ಸಾಕು ನಾನೂ ಬರ್ತೀನಿ ಅಂತಾನೆ. ಮಾಲೀಕನ ಸೊಸೆ ಬಂದು ಗದರಿಸಿದ ಮೇಲೆ ಆ ಮಾತನ್ನ ವಾಪಸ್ ತಗೊಳ್ತಾನೆ.

ಆಮೇಲೆ ಲೆನ್ನಿಯ ಕೈಯಲ್ಲಿ, ಅವನಿಗೇ ಅರಿವಿಲ್ಲದೆ, ಆ ಸೊಸೆ ಸಾಯ್ತಾಳೆ. ಹೆಣದ ಮುಂದೆ ನಿಂತು ಕ್ಯಾಂಡಿ ಕೇಳೋ ಪ್ರಶ್ನೆಯನ್ನ ಬಹಳ ಜನ ಓದುಗರು ಸ್ವಾರ್ಥ ಅಂದುಕೊಳ್ತಾರೆ. ನನಗೆ ಹಾಗನ್ನಿಸಲ್ಲ. ನಾವಿಬ್ಬರೇ ಆ ಜಮೀನಿಗೆ ಹೋಗಬಹುದಲ್ವಾ, ಅಂತಾನೆ ಅವನು. ಲೆಕ್ಕದ ಪ್ರಕಾರ ಹೋಗಬಹುದಿತ್ತು: ಕ್ಯಾಂಡಿಯ 350, ಜಾರ್ಜ್‌ನ 50. ಸಾಲೋದು 450ರಲ್ಲೂ ಸಾಲ್ತಿರಲಿಲ್ಲ, 400ರಲ್ಲೂ ಸಾಲಲ್ಲ. ಆದರೂ ಜಾರ್ಜ್ ಒಪ್ಪಲ್ಲ. ಲೆನ್ನಿ ಕೇಳ್ತಾ ಇದ್ದ, ಅದಕ್ಕೇ ತಾನೂ ನಂಬಿದ್ದೆ ಅನ್ನೋ ಅರ್ಥದ ಮಾತಾಡ್ತಾನೆ. ಇನ್ನು ತಿಂಗಳು ದುಡಿದು, 50 ಡಾಲರ್ ತಗೊಂಡು, ಸೂಳೆಗೇರಿಯಲ್ಲೋ ಇಸ್ಪೀಟು, ಬಿಲಿಯರ್ಡ್ಸ್ ಆಡೋ ಅಡ್ಡೆಯಲ್ಲೋ ರಾತ್ರಿ ಕಳೀತೀನಿ ಅಂತಾನೆ. ಕತೆಯ ಶುರುವಿನಲ್ಲಿ ಲೆನ್ನಿ ಮೇಲೆ ರೇಗಿದಾಗಲೂ ಅವನು ಇದನ್ನೇ ಹೇಳಿರ್ತಾನೆ: ನೀನಿಲ್ಲದಿದ್ರೆ ನಾನು ಎಷ್ಟು ಆರಾಮಾಗಿ ಹೀಗೆಲ್ಲ ಇರಬಹುದಿತ್ತು, ಅಂತ.