ಹತ್ತು, ಏಳು, ಐದು, ಮೂರು: ಬಾದಾಮಿ ಚಾಲುಕ್ಯರ ಮನೆತೆರಿಗೆಯ ಮರುಓದು

ಬಾದಾಮಿ ಚಾಲುಕ್ಯರ ಕರನೀತಿಯ ಮಾತು ಬಂದಾಗಲೆಲ್ಲ ಒಂದೇ ಶಾಸನವನ್ನು ಮುಂದಿಡುವುದು ರೂಢಿಯಾಗಿಬಿಟ್ಟಿದೆ. ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಮಹಾಜನರಿಗೆ, ನಗರಕ್ಕೆ ಮತ್ತು ಹದಿನೆಂಟು ಪ್ರಕೃತಿಗಳಿಗೆ (ಪ್ರಜಾವರ್ಗಗಳಿಗೆ) ಕೊಟ್ಟ ಆಚಾರ ವ್ಯವಸ್ಥೆ ಅದು. ಕಾಲ ಸುಮಾರು ಕ್ರಿ.ಶ. 725. ಎಲ್.ಡಿ. ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಇದನ್ನು ಸಂಪಾದಿಸಿಕೊಟ್ಟ ಮೇಲೆ ಇದರ ಒಂದು ಅಂಶ ಮಾತ್ರ ಎಲ್ಲರ ಬಾಯಿಗೆ ಬಿತ್ತು: ಉತ್ತಮ ಒಕ್ಕಲಿಗೆ ವರ್ಷಕ್ಕೆ ಹತ್ತು ಪಣ, ಮಧ್ಯಮಕ್ಕೆ ಏಳು, ಅದರ ಕೆಳಗಿನದಕ್ಕೆ ಐದು, ಕಟ್ಟಕಡೆಯದಕ್ಕೆ ಮೂರು.

ಇಷ್ಟು ಸಿಕ್ಕಿದ್ದೇ ತಡ, ಎಂಟನೆಯ ಶತಮಾನದಲ್ಲೇ ಕನ್ನಡ ನಾಡಿನಲ್ಲಿ ಪ್ರಗತಿಪರ ತೆರಿಗೆ ಇತ್ತು ಎಂಬ ತೀರ್ಮಾನ ಹುಟ್ಟಿತು. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಿಂದ ಅದು ಉಪನ್ಯಾಸಗಳಿಗೆ ಬಂತು. ಅಲ್ಲಿಂದ ಬಾದಾಮಿ, ಚೊಳಚಗುಡ್ಡ, ಮಹಾಕೂಟದ ಸ್ಥಳಚರಿತ್ರೆ ಹೇಳುವವರ ಮಾತಿಗೂ ಸೇರಿತು. ರಾಜಧಾನಿ ಇದ್ದದ್ದು ಇಲ್ಲಿ, ಆದ್ದರಿಂದ ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಕೊಟ್ಟ ಕೀರ್ತಿಯೂ ಇಲ್ಲಿಯದೇ ಎಂಬುದು ಅವರ ವಾದದ ಓಟ. ಈ ಲೇಖನದ ಉದ್ದೇಶ ಆ ಓಟವನ್ನು ತಡೆಯುವುದು. ಕೀರ್ತಿ ಬೇಡವೆಂದಲ್ಲ, ಶಾಸನ ಕೊಡದ ಕೀರ್ತಿಯನ್ನು ಹೊತ್ತುಕೊಂಡು ಅದು ನಿಜವಾಗಿ ಕೊಟ್ಟದ್ದನ್ನು ಕೈಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

1. ಮೊತ್ತ ಬೇರೆ, ದರ ಬೇರೆ

ಮೊದಲು ಲೆಕ್ಕ. ಹತ್ತಕ್ಕೂ ಮೂರಕ್ಕೂ ಇರುವ ಅಂತರ ಮೂರೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಪೊರಿಗೆರೆಯ ಅತಿ ದೊಡ್ಡ ಒಕ್ಕಲಿನ ಉತ್ಪತ್ತಿ ಅತಿ ಸಣ್ಣದಕ್ಕಿಂತ ಹತ್ತು ಪಟ್ಟು ಇತ್ತೆಂದು ಹಿಡಿಯೋಣ. ವ್ಯಾಪಾರದ ಪಟ್ಟಣವೊಂದಕ್ಕೆ ಇದು ಬಹಳ ಸಂಕೋಚದ ಅಂದಾಜು. ಆಗ ಸಣ್ಣ ಒಕ್ಕಲು ತನ್ನ ಉತ್ಪತ್ತಿಯ ಎಷ್ಟು ಪಾಲನ್ನು ತೆತ್ತಿತೋ ದೊಡ್ಡ ಒಕ್ಕಲು ಅದರ ಮೂರನೆಯ ಒಂದು ಪಾಲನ್ನು ಮಾತ್ರ ತೆತ್ತಿತು. ಅಂತರ ಇಪ್ಪತ್ತು ಪಟ್ಟಿದ್ದರೆ ಆರನೆಯ ಒಂದು ಪಾಲು. ಉಳ್ಳವರು ಹೆಚ್ಚು ಪಣ ಎಣಿಸಿದ್ದು ನಿಜ. ಆದರೆ ಅವರ ಮೇಲಿನ ಭಾರ ಹಗುರವಾಗಿತ್ತು. ಅರ್ಥಶಾಸ್ತ್ರದ ಪಾಠಪುಸ್ತಕದಲ್ಲಿ ಇಂಥದ್ದನ್ನು ಪ್ರತಿಗಾಮಿ ತೆರಿಗೆ ಎನ್ನುತ್ತಾರೆ.

ಬನಶಂಕರಿ ಜಾತ್ರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಟೆಂಟು ಹಾಕುವ ನಾಟಕ ಕಂಪನಿಗೂ ನೆಲದ ಮೇಲೆ ಚಾಪೆ ಹಾಸಿ ಬಳೆ ಮಾರುವವಳಿಗೂ ಜಾಗದ ಬಾಡಿಗೆ ವಿಧಿಸಿದರೆಂದುಕೊಳ್ಳಿ. ಬಳೆಗಾರ್ತಿಗೆ ಮೂರು ರೂಪಾಯಿ, ಕಂಪನಿಗೆ ಹತ್ತು. ಅದನ್ನು ಸಮಾನತೆಯ ಕರ ಎಂದು ಬೋರ್ಡು ಬರೆಸಿದರೆ ಮೊದಲು ನಗುವವಳು ಬಳೆಗಾರ್ತಿಯೇ.

ಪ್ರಗತಿಪರ ಎನ್ನಬೇಕಾದರೆ ಏರಬೇಕಾದ್ದು ದರ. 1860ರಲ್ಲಿ ಜೇಮ್ಸ್ ವಿಲ್ಸನ್ ಭಾರತಕ್ಕೆ ತಂದ ಆದಾಯ ತೆರಿಗೆಯಲ್ಲಿ 200ರಿಂದ 500 ರೂಪಾಯಿ ವರಮಾನದವರಿಗೆ ನೂರಕ್ಕೆ 2, ಅದರ ಮೇಲಿನವರಿಗೆ ನೂರಕ್ಕೆ 4 ಎಂದಿತ್ತು. ಎರಡೇ ಮೆಟ್ಟಿಲು, ಆದರೂ ಅಲ್ಲಿ ಏರಿದ್ದು ದರ. 200ಕ್ಕಿಂತ ಕೆಳಗಿನವರು ಲೆಕ್ಕದಿಂದಲೇ ಹೊರಗೆ. ಪೊರಿಗೆರೆಯಲ್ಲಿ ಕಟ್ಟಕಡೆಯ ಒಕ್ಕಲೂ ಹೊರಗುಳಿಯಲಿಲ್ಲ, ಮೂರು ಪಣ ಕೊಡಲೇಬೇಕಿತ್ತು. ವಸಾಹತು ಸರಕಾರದ ತೆರಿಗೆಯನ್ನು ಹೊಗಳುವುದು ನನ್ನ ಇರಾದೆಯಲ್ಲ. ದಂಗೆ ಅಡಗಿಸಿದ ಖರ್ಚನ್ನು ತುಂಬಿಕೊಳ್ಳಲು ತಂದ ತೆರಿಗೆ ಅದು. ಹೋಲಿಸುವುದೇ ಆದರೆ ಸರಿಯಾದದ್ದನ್ನು ಸರಿಯಾದದ್ದರ ಜೊತೆ ಹೋಲಿಸಬೇಕು ಎನ್ನುವುದಷ್ಟೇ ನನ್ನ ಮಾತು.

ಇದಕ್ಕೆ ಹಿರಿಯ ವಿದ್ವಾಂಸರೊಬ್ಬರು ಒಡ್ಡಿದ ಆಕ್ಷೇಪ ನನಗೆ ಗೊತ್ತಿದೆ: ಆ ಕಾಲಕ್ಕೆ ನಾಲ್ಕು ತರಗತಿ ಮಾಡಿದ್ದೇ ದೊಡ್ಡದು, ಇಂದಿನ ಅಳತೆಗೋಲು ಹಿಡಿಯುವುದು ಅನ್ಯಾಯ ಎಂದು. ಆದರೆ ಪ್ರಗತಿಪರ ಎಂಬ ಇಂದಿನ ಅಳತೆಗೋಲನ್ನು ಮೊದಲು ತಂದವರು ಅವರೇ. ಬಿರುದು ಕೊಡುವಾಗ ಇಂದಿನ ಕೋಲು, ಪರೀಕ್ಷಿಸುವಾಗ ಅಂದಿನ ಕೋಲು ಎಂದರೆ ಹೇಗೆ?

2. ಈ ತರಗತಿ ಯಾತಕ್ಕೆ?

ಹಾಗಾದರೆ ನಾಲ್ಕು ತರಗತಿಗಳ ಉದ್ದೇಶವೇನು? ಇದಕ್ಕೆ ಉತ್ತರ ಶಾಸನದ ಮೊದಲ ಭಾಗದಲ್ಲಿದೆ. ಅದನ್ನು ಉದ್ಧರಿಸುವವರು ವಿರಳ. ಅಲ್ಲಿ ಮಾತು ಆರಂಭವಾಗುವುದು ಒಕ್ಕಲುಗಳ ಕರ್ತವ್ಯದಿಂದಲ್ಲ, ರಾಜಪುರುಷರ ಕರ್ತವ್ಯದಿಂದ. ಜನವಿಲ್ಲದ ಮನೆಗಳನ್ನು ಅರಸನ ಅಧಿಕಾರಿಗಳು ಕಾಪಾಡಬೇಕು. ಅರಸ ಕೊಟ್ಟ ದಾನವನ್ನು, ತಾಮ್ರಶಾಸನವನ್ನು, ಊರಿನ ಕಟ್ಟಳೆಯನ್ನು, ಅನುಭವಿಸಿಕೊಂಡು ಬಂದ ಭೂಮಿಯ ಅನುಭೋಗವನ್ನು ಕಾಪಾಡಬೇಕು. ಇಷ್ಟಾದ ಮೇಲೆ ತೆರಿಗೆಯ ಮಾತು. ಅದೂ ಜನವಾಸವಿರುವ ಮನೆಗಳ ಮೇಲಷ್ಟೇ.

ಈ ಕ್ರಮದಲ್ಲಿ ಓದಿದರೆ ಹತ್ತು, ಏಳು, ಐದು, ಮೂರು ಎಂಬ ಅಂಕಿಗಳ ಬಣ್ಣವೇ ಬದಲಾಗುತ್ತದೆ. ಅವು ಉಳ್ಳವರ ಮೇಲೆ ಹೇರಿದ ಏರುದರವಲ್ಲ. ಅಧಿಕಾರಿಗಳ ಕೈಗೆ ಹಾಕಿದ ಮಿತಿ. ವೈಶಾಖದಲ್ಲಿ ದೇಶಾಧಿಪತಿಗೆ ಸಲ್ಲಬೇಕಾದ್ದು ಇಷ್ಟು, ಇದರಾಚೆಗೆ ಕೇಳುವ ಹಾಗಿಲ್ಲ. ಊರಿನವರ ಜೊತೆ ಕೂಡಿ ಬರೆದುಕೊಂಡ ಒಪ್ಪಂದದಲ್ಲಿ ಅಂಕಿಯನ್ನು ಕಲ್ಲಿಗೆ ಹಾಕಿಸುವುದು ತೆರುವವರ ಹಿತಕ್ಕೇ ಹೊರತು ತೆಗೆದುಕೊಳ್ಳುವವರ ಹಿತಕ್ಕಲ್ಲ. ತೆಗೆದುಕೊಳ್ಳುವವನಿಗೆ ಅಂಕಿ ಅಸ್ಪಷ್ಟವಾಗಿದ್ದಷ್ಟೂ ಲಾಭ.

ತಿಂಗಳನ್ನೂ ಗಮನಿಸಬೇಕು. ಪುಲಿಗೆರೆ, ಅಂದರೆ ಪೊರಿಗೆರೆಯ, ನಾಡು ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ಕುಸುಬೆ ಕಣಕ್ಕೆ ಬಂದು ರಾಶಿಯಾಗುವುದು ಮಾಘ, ಫಾಲ್ಗುಣದ ಹೊತ್ತಿಗೆ. ವೈಶಾಖಕ್ಕೆ ಮಾಲು ಮಾರಿ ಕೈಯಲ್ಲಿ ಕಾಸು ಆಡುತ್ತಿರುತ್ತದೆ. ಕಟ್ಟಕಡೆಯ ಒಕ್ಕಲಿಗೂ ಸಾಲ ಮಾಡದೆ ಮೂರು ಪಣ ಹೊಂದಿಸಲು ವರ್ಷದಲ್ಲಿ ಸಾಧ್ಯವಿದ್ದದ್ದು ಆಗಲೇ. (ಮನೆತೆರಿಗೆಗೂ ಸುಗ್ಗಿಗೂ ಏನು ಸಂಬಂಧ ಎಂದು ಕೇಳುವವರು, ಎರೆಸೀಮೆಯ ಪಟ್ಟಣದಲ್ಲಿ ಕಮ್ಮಾರನಿಂದ ಗಾಣಿಗನವರೆಗೆ ಯಾರ ಕೈಗೆ ಯಾವಾಗ ಹಣ ಬರುತ್ತದೆ ಎಂದು ಒಮ್ಮೆ ವಿಚಾರಿಸಲಿ.) ಬಡವರ ಕಡೆಗೆ ಒಲವು ಈ ಶಾಸನದಲ್ಲಿ ಇದ್ದರೆ ಅದು ಅಂಕಿಯಲ್ಲಿಲ್ಲ, ತಿಂಗಳಲ್ಲಿದೆ. ಆ ತಿಂಗಳನ್ನು ಮಾತ್ರ ಯಾವ ಕೈಪಿಡಿಯೂ ಬಾಯಿಪಾಠ ಮಾಡಿಸುವುದಿಲ್ಲ.

3. ಕಾರ್ತಿಕದ ಪಾವತಿ

ಈಗ ಮುಖ್ಯ ವಿಷಯ. ಅದೇ ಶಾಸನದಲ್ಲಿ ಎರಡನೆಯ ಪಾವತಿಯೊಂದಿದೆ. ಕಳ್ಳತನದ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ದಶಾಪರಾಧದ ದಂಡ, ಇವುಗಳ ಜೊತೆಗೆ ಗಂಡುಮಕ್ಕಳಿಲ್ಲದೆ ಸತ್ತವರ ಆಸ್ತಿ: ಇವು ಕಾರ್ತಿಕ ಮಾಸದಲ್ಲಿ ಅಲ್ಲಿಯ ಸೇಣಿಗೆ ಸಲ್ಲಬೇಕು. ಸೇಣಿಯೆಂದರೆ ಶ್ರೇಣಿ, ಕಸುಬುದಾರರ ಸಂಘ. ಪೊರಿಗೆರೆಯ ಕಂಚುಗಾರರ ಸೇಣಿ ಈ ಶಾಸನದಿಂದಲೇ ಪ್ರಸಿದ್ಧವಾಗಿದೆ.

ಸಂಪತ್ತಿನ ಅಸಮಾನತೆಯ ದೃಷ್ಟಿಯಿಂದ ಇದು ಹತ್ತು ಪಣಕ್ಕಿಂತ ಎಷ್ಟೋ ತೂಕದ ಸಾಕ್ಷ್ಯ. ಮನೆತೆರಿಗೆ ಮುಟ್ಟಿದ್ದು ವರ್ಷದ ವರಮಾನದ ಒಂದು ಚೂರನ್ನು. ಅಪುತ್ರಿಕ ಧನವಾದರೋ ಒಂದು ಮನೆತನ ತಲೆಮಾರುಗಳಿಂದ ಕೂಡಿಟ್ಟದ್ದನ್ನು ಇಡಿಯಾಗಿ ಮುಟ್ಟಿತು. ಧರ್ಮಶಾಸ್ತ್ರಗಳ ಸಾಮಾನ್ಯ ನಿಲುವಿನಂತೆ ವಾರಸುದಾರರಿಲ್ಲದವನ ಆಸ್ತಿ, ಬ್ರಾಹ್ಮಣನದೊಂದನ್ನು ಬಿಟ್ಟು, ರಾಜನದು. ಅಭಿಜ್ಞಾನ ಶಾಕುಂತಲದ ಆರನೆಯ ಅಂಕದಲ್ಲಿ ಹಡಗು ಒಡೆದು ಸತ್ತ ವರ್ತಕ ಧನಮಿತ್ರನ ಆಸ್ತಿ ಬೊಕ್ಕಸಕ್ಕೆ ಸೇರಬೇಕೆಂದು ಮಂತ್ರಿ ಬರೆದು ಕಳಿಸುವುದು ಆ ನಿಯಮದಂತೆಯೇ. ಪೊರಿಗೆರೆಯಲ್ಲಿ ಮಾತ್ರ ಯುವರಾಜನೇ ನಿಂತು ಆ ಸೊತ್ತನ್ನು ಬೊಕ್ಕಸದಿಂದ ತಪ್ಪಿಸಿ ಊರಿನ ಸಂಘಕ್ಕೆ ಬಿಟ್ಟುಕೊಟ್ಟಿದ್ದಾನೆ. ಅರಸೊತ್ತಿಗೆ ತನಗೆ ಬರಬೇಕಾದ ದೊಡ್ಡ ಗಂಟೊಂದನ್ನು ಸ್ಥಳೀಯ ಸಂಸ್ಥೆಗೆ ವಹಿಸಿದ ನಿದರ್ಶನವಿದು. ಕರ್ನಾಟಕದ ಆರ್ಥಿಕ ಚರಿತ್ರೆಯಲ್ಲಿ ಇದಕ್ಕೆ ಒಂದು ಅಧ್ಯಾಯವೇ ಸಲ್ಲಬೇಕಿತ್ತು, ಸಿಕ್ಕಿದ್ದು ಅಡಿಟಿಪ್ಪಣಿ.

ಹಾಗೆಂದು ಇದನ್ನು ಎತ್ತಿ ತಲೆಯ ಮೇಲೆ ಕೂರಿಸಲು ನಾನು ಸಿದ್ಧನಿಲ್ಲ. ಗಂಡುಮಕ್ಕಳಿಲ್ಲದೆ ಸತ್ತವನಿಗೆ ಹೆಂಡತಿ ಇರಬಹುದು, ಹೆಣ್ಣುಮಕ್ಕಳಿರಬಹುದು. ಸೇಣಿಯ ಪೆಟ್ಟಿಗೆ ತುಂಬಿದ್ದು ಅವರ ಪಾಲಿನಿಂದ. ಊರು ಹಂಚಿಕೊಂಡ ಸಂಪತ್ತು ಒಬ್ಬ ವಿಧವೆಯ ಸಂಪತ್ತೂ ಆಗಿರಬಹುದು ಎಂಬುದನ್ನು ಮರೆತು ಮರುಹಂಚಿಕೆಯ ಹಾಡು ಹಾಡಬಾರದು. ವಿಭಕ್ತನಾಗಿ, ಗಂಡು ಸಂತಾನವಿಲ್ಲದೆ ಸತ್ತವನ ಆಸ್ತಿಗೆ ಮೊದಲ ಹಕ್ಕು ಹೆಂಡತಿಯದು ಎಂದು ವಿಜ್ಞಾನೇಶ್ವರ ಮಿತಾಕ್ಷರ ಎಂಬ ತನ್ನ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ವಾದ ಹೂಡಿದ್ದು ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ, ಕಲ್ಯಾಣದ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ. ಕನ್ನಡ ನೆಲದಲ್ಲಿ ಅಸಮಾನತೆಯನ್ನು ಕದಲಿಸಿದ ಚಿಂತನೆ ಹುಡುಕುವವರು ಹತ್ತು ಪಣದ ಒಕ್ಕಲನ್ನು ಬಿಟ್ಟು ಈ ವಾದವನ್ನು ನೋಡುವುದು ಮೇಲು.

4. ಕೊಟ್ಟದ್ದು ಯಾರಿಗೆ?

ತೆರಿಗೆಯ ಅರ್ಧ ಕಥೆ ವಸೂಲಿಯಲ್ಲಿ, ಇನ್ನರ್ಧ ಖರ್ಚಿನಲ್ಲಿ. ಖರ್ಚಿನ ಸಾಕ್ಷ್ಯಕ್ಕೆ ಲಕ್ಷ್ಮೇಶ್ವರದವರೆಗೆ ಹೋಗಬೇಕಿಲ್ಲ; ಚೊಳಚಗುಡ್ಡದಿಂದ ನಾಲ್ಕೈದು ಕಿಲೋಮೀಟರಿನಲ್ಲಿದೆ. ಬಾದಾಮಿಯ ಮೂರನೆಯ ಗುಹೆಯ ಶಾಸನ ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯದು. ಚಾಲುಕ್ಯ ಮನೆತನದ ಮಂಗಲೇಶ ವಿಷ್ಣುಗೃಹ ಮಾಡಿಸಿ ಲಂಜೀಶ್ವರ ಎಂಬ ಹಳ್ಳಿಯನ್ನು ಬಿಟ್ಟ. ಇದು ಮಹಾಕೂಟದ ಬಳಿಯ ಇಂದಿನ ನಂದಿಕೇಶ್ವರ ಎಂದು ಗುರುತಿಸಲಾಗಿದೆ. ಆ ಊರಿನ ಉತ್ಪತ್ತಿಯಲ್ಲಿ ನಾರಾಯಣಬಲಿಗಾಗಿ ಹದಿನಾರು ಬ್ರಾಹ್ಮಣರಿಗೆ ಸಲ್ಲಿಸಿ, ಮಿಕ್ಕದ್ದು ಪರಿವ್ರಾಜಕರ ಊಟಕ್ಕೆ. ಅದೇ ಗುಹೆಯ ಕನ್ನಡ ಶಾಸನ ಕಲ್ಮನೆಗೆ (ಈ ಗುಹಾಲಯಕ್ಕೆ) ಲಂಜಿಗೇಸರವನ್ನು, ಅಂದರೆ ಅದೇ ಲಂಜೀಶ್ವರವನ್ನು, ಬಿಟ್ಟ ಸಂಗತಿಯ ಜೊತೆಗೆ ಹೂಮಾಲೆಯ ಮಾಲಗಾರರನ್ನೂ ಹೆಸರಿಸುತ್ತದೆ.

ಒಂದು ಹಳ್ಳಿಯ ದುಡಿಮೆ ಹರಿದ ದಾರಿ ಇಲ್ಲಿ ಕಣ್ಣಿಗೆ ಕಾಣುತ್ತದೆ. ಪಡೆದವರಲ್ಲಿ ಹದಿನಾರು ಮಂದಿ ಸ್ಥಾನದಿಂದ ಪಡೆದರು, ಪರಿವ್ರಾಜಕರು ವ್ರತದಿಂದ, ಮಾಲಗಾರರು ಕೆಲಸದಿಂದ. ಬಡತನದ ಕಾರಣಕ್ಕೇ ಪಡೆದವರು ಈ ಪಟ್ಟಿಯಲ್ಲಿಲ್ಲ. ತೆತ್ತ ಲಂಜಿಗೇಸರದ ಒಕ್ಕಲುಗಳಂತೂ ಇಲ್ಲವೇ ಇಲ್ಲ. ಉಳ್ಳವರಿಂದ ಪಡೆದು ಇಲ್ಲದವರಿಗೆ ಕೊಟ್ಟ ಚಾಲುಕ್ಯ ರಾಜ್ಯವನ್ನು ಕಲ್ಪಿಸಿಕೊಂಡವರಿಗೆ ರಾಜಧಾನಿಯ ಗೋಡೆಯೇ ಎದುರುಸಾಕ್ಷಿ.

ಆದರೆ ಇದೇ ಗೋಡೆ ಎದುರು ಪಾಳಯದವರಿಗೂ ಆಸರೆಯಾಗದು. ಸರಕಾರ ಜನರಿಗೆ ಪುಕ್ಕಟೆ ಕೊಡುವುದು ನಮ್ಮ ಪರಂಪರೆಯಲ್ಲೇ ಇಲ್ಲ, ಅದು ಈಚಿನ ಚುನಾವಣೆಯ ಚಟ ಎಂದು ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನೂ ಅನ್ನಭಾಗ್ಯದ ಅಕ್ಕಿಯನ್ನೂ ಹಂಗಿಸುವವರಿದ್ದಾರೆ. ಬಾದಾಮಿಯ ಬೆಟ್ಟದಲ್ಲಿ 578ರಲ್ಲೇ ರಾಜ್ಯದ ಖರ್ಚಿನಲ್ಲಿ ಊಟದ ಏರ್ಪಾಡಾಗಿದೆ. ಕೊಡುವ ಪರಂಪರೆ ಗಟ್ಟಿಯಾಗಿಯೇ ಇತ್ತು. ಬದಲಾದದ್ದು ಪಡೆಯುವವರ ಪಟ್ಟಿ. ಮನೆಯ ಯಜಮಾನಿ ಎಂಬ ಕಾರಣಕ್ಕೆ ಹೆಂಗಸಿನ ಖಾತೆಗೆ ಹಣ ಹಾಕುವ ಯೋಜನೆ 2023ರಲ್ಲಿ ಬಂತು. ಅಪುತ್ರಿಕನ ವಿಧವೆಯನ್ನು ಲೆಕ್ಕದಿಂದ ಹೊರಗಿಟ್ಟ ಪರಂಪರೆಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಹೊಸತನ ಅರ್ಥವಾದೀತು.

5. ಉಪಸಂಹಾರ

ಅಂಕಿಗಳ ಮೋಹ ಇಂದಿನ ಚರ್ಚೆಯನ್ನೂ ಬಿಟ್ಟಿಲ್ಲ. ನಿಕೊಲಸ್ ಕಾಲ್ಡೋರ್ 1956ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1957ರಲ್ಲಿ ಸಂಪತ್ತಿನ ತೆರಿಗೆ ಬಂತು, 2015ರಲ್ಲಿ ಹೋಯಿತು. ಸತ್ತವರ ಆಸ್ತಿಯ ಮೇಲೆ 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. ಉಳಿದದ್ದು ವರಮಾನದ ಮೇಲಿನ ಮೆಟ್ಟಿಲುದರ, ಜೊತೆಗೆ 2017ರಿಂದ ಜಿಎಸ್‌ಟಿ. ಚೊಳಚಗುಡ್ಡದ ಕೂಲಿಯವಳೂ ಬೆಂಗಳೂರಿನ ಉದ್ಯಮಿಯೂ ಒಂದೇ ಸೋಪಿಗೆ ಒಂದೇ ದರದಲ್ಲಿ ತೆರುವ ತೆರಿಗೆ ಅದು. ಪೊರಿಗೆರೆಯ ಭಾಷೆಯಲ್ಲಿ ಹೇಳುವುದಾದರೆ ವೈಶಾಖದ ಪಾವತಿ ಉಳಿದಿದೆ. ಕೂಡಿಟ್ಟ ಆಸ್ತಿಯನ್ನು ಮುಟ್ಟುತ್ತಿದ್ದ ಕಾರ್ತಿಕದ ಪಾವತಿಯನ್ನು ನಾವು ಕೈಬಿಟ್ಟಿದ್ದೇವೆ.

ನನ್ನ ಸೂಚನೆ ಮೂರು. ಲಕ್ಷ್ಮೇಶ್ವರದ ಶಾಸನಕ್ಕೆ ಅಂಟಿಸಿದ ಪ್ರಗತಿಪರ ತೆರಿಗೆ ಎಂಬ ಬಿರುದನ್ನು ಕಿತ್ತುಹಾಕಬೇಕು. ರಾಜಪುರುಷರ ಕರ್ತವ್ಯ, ವೈಶಾಖದ ಮನೆತೆರಿಗೆ, ಕಾರ್ತಿಕದ ಸೇಣಿಯ ಪಾಲು, ಈ ಮೂರನ್ನೂ ಒಟ್ಟಿಗೇ ಉದ್ಧರಿಸಬೇಕು. ಅದನ್ನು ಬಾದಾಮಿಯ ಮೂರನೆಯ ಗುಹೆಯ ದಾನದೊಂದಿಗೆ ಕೂಡಿಸಿ ಓದಬೇಕು. ಉತ್ತಮ ಒಕ್ಕಲಿನ ಉತ್ಪತ್ತಿ ಕಟ್ಟಕಡೆಯದಕ್ಕಿಂತ ಮೂರೂಕಾಲು ಪಟ್ಟಿನೊಳಗೇ ಇತ್ತೆಂದು ಯಾರಾದರೂ ತೋರಿಸಿಕೊಟ್ಟರೆ ಮೊದಲ ಸೂಚನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಉಳಿದೆರಡು ಹಾಗೆಯೇ ನಿಲ್ಲುತ್ತವೆ.