ಭೀಮಸಮುದ್ರದ ನೆರಳೂ ಭಾಸ್ಕರನ ಜ್ಯೋತ್ಪತ್ತಿಯೂ

ವಿಶಾಲವಾದ ಕೆರೆಯಿಂದಲೂ ಅಡಿಕೆಯ ವ್ಯಾಪಾರದಿಂದಲೂ ಹೆಸರಾದ ಚಿತ್ರದುರ್ಗ ಸೀಮೆಯ ಭೀಮಸಮುದ್ರವು ವಿಷುವದ್ವೃತ್ತಕ್ಕೆ 14 ಅಂಶಗಳಿಗಿಂತ ತುಸುವೇ ಹೆಚ್ಚು ಉತ್ತರದಲ್ಲಿರುವುದರಿಂದ, ವಿಷುವದಿನದ ಮಧ್ಯಾಹ್ನದಲ್ಲಿ ಅಲ್ಲಿ ನೆಟ್ಟ 12 ಅಂಗುಲದ ಶಂಕುವಿನ ನೆರಳು ಸುಮಾರು 3 ಅಂಗುಲಕ್ಕೆ ಬಂದು ನಿಲ್ಲುತ್ತದೆ. ಪಲಭೆಯೆಂಬ ಈ ಒಂದು ಅಳತೆ ದೊರೆತರೆ ಸಾಕು, ನಮ್ಮ ಸಿದ್ಧಾಂತಕಾರರಿಗೆ ಆ ಊರಿನ ಆಕಾಶವೆಲ್ಲ ಲೆಕ್ಕಕ್ಕೆ ಒಳಪಡುತ್ತಿದ್ದಿತು. ಶಂಕುವಿನ ತುದಿಯಲ್ಲಿ ಅಕ್ಷಾಂಶ, ನೆರಳಿನ ತುದಿಯಲ್ಲಿ 76ರ ಲಂಬಾಂಶ. ಎರಡೂ ಕೂಡಿದರೆ ಸಮಕೋನವಾದುದರಿಂದ ಒಂದರ ಭುಜಜ್ಯೆಯೇ (ಸೈನ್) ಮತ್ತೊಂದರ ಕೋಟಿಜ್ಯೆ (ಕೊಸೈನ್). ಪೂರಕ ಕೋನಗಳ ಸೂತ್ರವೆಂದು ಇಂದಿನ ಹೈಸ್ಕೂಲಿನ ಮಕ್ಕಳು ಉರುಹೊಡೆಯುವುದು ಇದನ್ನೇ. ಬಿಸಿಲಿಗೆ ಕರೆದೊಯ್ದು ತೋರಿಸುವ ಉಪಾಧ್ಯಾಯರು ವಿರಳ.

ಉಳಿದ ದಿನಗಳಲ್ಲಿ ಸೂರ್ಯನ ಕ್ರಾಂತಿಯನ್ನು, ಎಂದರೆ ವಿಷುವದ್ವೃತ್ತದಿಂದ ಅವನಿರುವ ಕೋನದೂರವನ್ನು, ಅಕ್ಷಾಂಶಕ್ಕೆ ಕೂಡಿಸಬೇಕು, ಇಲ್ಲವೆ ಕಳೆಯಬೇಕು. ಪರಮಕ್ರಾಂತಿಯನ್ನು ಪ್ರಾಚೀನರಂತೆ 24 ಎಂದಿಟ್ಟರೆ, ಡಿಸೆಂಬರಿನ ಅಯನಸಂಧಿಯಲ್ಲಿ ಮೊತ್ತ 38 ಆಗಿ ನೆರಳು 9 ಅಂಗುಲವನ್ನು ಮೀರಿ ಉತ್ತರಕ್ಕೆ ಚಾಚುತ್ತದೆ. ಜೂನಿನಲ್ಲಿ ಅಂತರ 10 ಆಗಿ 2 ಅಂಗುಲದಷ್ಟು ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಏಪ್ರಿಲಿನ ಕೊನೆಗೂ ಆಗಸ್ಟಿನ ನಡುವಿಗೂ ನಡುಹಗಲಿನ ನೆರಳೇ ಅಳಿಯುತ್ತದೆ.

ಆದರೆ ಕೋನಗಳನ್ನು ಕೂಡಿಸಿದಂತೆ ಜ್ಯೆಗಳನ್ನು ಕೂಡಿಸಲಾಗದು. ಬೇಕಾದ ಕೋನದ ಜ್ಯೆಯನ್ನು ಕೋಷ್ಟಕದಿಂದಲೇ ನೇರವಾಗಿ ಪಡೆಯೋಣವೆಂದರೆ, 499ರ ಆರ್ಯಭಟನ ಕೋಷ್ಟಕದಲ್ಲಿ 225 ಕಲೆಗಳಿಗೊಂದರಂತೆ (ಕಲೆಯೆಂದರೆ ಕೋನದ ಮಿನಿಟು) ಇದ್ದುವು 24 ಜ್ಯೆಗಳು ಮಾತ್ರ. ಸಹ್ಯಾದ್ರಿಯ ನೆರೆಯ ವಿಜ್ಜಡವಿಡದ ಭಾಸ್ಕರಾಚಾರ್ಯನು, 1150ರಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಜ್ಯೋತ್ಪತ್ತಿ ಪ್ರಕರಣದಲ್ಲಿ, ಒಂದು ಚಾಪದ ಭುಜಜ್ಯೆಯನ್ನು ಮತ್ತೊಂದರ ಕೋಟಿಜ್ಯೆಯಿಂದ ಅಡ್ಡಡ್ಡಲಾಗಿ ಗುಣಿಸಿ, ತ್ರಿಜ್ಯೆಯಿಂದ ಭಾಗಿಸಿ, ಲಬ್ಧಗಳೆರಡನ್ನು ಕೂಡಿದರೆ ಮೊತ್ತದ ಜ್ಯೆಯೂ ಕಳೆದರೆ ಅಂತರದ ಜ್ಯೆಯೂ ದೊರೆಯುವುವೆಂದು ವಿಧಿಸಿ, ಅವಕ್ಕೆ ಸಮಾಸಭಾವನೆ, ಅಂತರಭಾವನೆ ಎಂಬ ಹೆಸರುಗಳನ್ನಿತ್ತನು.

ಸೂತ್ರಕ್ಕಿಂತಲೂ ಅದನ್ನು ಆತ ದುಡಿಸಿಕೊಂಡ ಬಗೆಯೇ ನನಗೆ ಹೆಚ್ಚು ಮೆಚ್ಚಿಕೆ. ಪರಿಧಿ 21600 ಕಲೆಯಾದರೆ ತ್ರಿಜ್ಯೆ 3438. ಯಾವುದೇ ಅಂಶದ ಭುಜಜ್ಯೆಯಲ್ಲಿ ಅದರ 6569ನೆಯ ಒಂದು ಪಾಲನ್ನು ಕಳೆದು, ಕೋಟಿಜ್ಯೆಯನ್ನು 10ರಿಂದ ಗುಣಿಸಿ 573ರಿಂದ ಭಾಗಿಸಿ ಕೂಡಿದರೆ ಮುಂದಿನ ಅಂಶದ ಜ್ಯೆ, ಕಳೆದರೆ ಹಿಂದಿನದು. ಒಂದಂಶದ ಜ್ಯೆಯನ್ನೂ ಕೋಟಿಜ್ಯೆಯನ್ನೂ ಭಿನ್ನರಾಶಿಗಳೊಳಗೆ ಅಡಗಿಸಿಟ್ಟ ಈ ಜಾಣ್ಮೆಯಿಂದ ತೊಂಬತ್ತು ಜ್ಯೆಗಳ ಕೋಷ್ಟಕವೂ ಸಾಲಾಗಿ ಹುಟ್ಟುತ್ತದೆ. ಭೀಮಸಮುದ್ರದ 14 ಅಂಶವನ್ನೇ ತೆಗೆದುಕೊಳ್ಳೋಣ: ಭುಜಜ್ಯೆ 832, ಕೋಟಿಜ್ಯೆ 3336. ಮೊದಲನೆಯದರಲ್ಲಿ ಕಳೆಯಬೇಕಾದುದು ಒಂದು ಕಲೆಗಿಂತಲೂ ಬಹು ಕಡಮೆ; ಎರಡನೆಯದರಿಂದ ಬರುವುದು 58; ಹದಿನೈದನೆಯ ಅಂಶದ ಜ್ಯೆ 890.